ಮೂರನೇ ಗೇರಿನ ಊಟ

ನಮ್ಮನೆಯವರು ಹೊಟ್ಟೆ ತುಂಬ ಉಂಡಿದ್ದನ್ನು ನಾನು ನೋಡಿರುವುದು ಮೂರನೇ ಗೇರಿನಲ್ಲಿ ಮಾತ್ರ! ಮನೆಯಲ್ಲಿ ಬಡಿಸಿ ಕೂರಿಸಿದರೆ ಅರ್ಧ ಮುದ್ದೆಗೆ ಎದ್ದುಬಿಡುತ್ತಿದ್ದ ಮನುಷ್ಯ, ಜೀಪು ಹೊರಟು ಮೂರನೇ ಗೇರಿಗೆ ಬಿದ್ದ ಕೂಡಲೇ ಎರಡು ಮುದ್ದೆ ಇಳಿಸುತ್ತಿದ್ದರು.

ಕೊನೆಯ ಸಲ ಹಾಗೆ ಉಂಡಿದ್ದು ಹೊಸದುರ್ಗದಿಂದ ಹೊಳಲ್ಕೆರೆಗೆ ಬರುವ ದಾರಿಯಲ್ಲಿ. ಅವತ್ತು ವಿಶೇಷವೇನೂ ಇರಲಿಲ್ಲ. ಬಿಸಿಲಿತ್ತು. ಜೀಪಿನ ಹಿಂಭಾಗದಲ್ಲಿ ರಿಪೇರಿಗೆ ತಂದ ಎರಡು ಪಂಪ್‌ಸೆಟ್ ಮೋಟರುಗಳು ಒಂದಕ್ಕೊಂದು ಗುದ್ದಾಡುತ್ತ ಬರುತ್ತಿದ್ದವು. ನಾನು ಬುತ್ತಿ ಬಿಚ್ಚಿಕೊಟ್ಟು ಪಕ್ಕದಲ್ಲಿ ಕೂತಿದ್ದೆ. ಅವರು ಎಡಗೈಯಲ್ಲಿ ಸ್ಟೇರಿಂಗ್ ಹಿಡಿದು, ಬಲಗೈಯಲ್ಲಿ ಮುದ್ದೆ ಮುರಿದು, ಎದುರಿನ ಲಾರಿಯನ್ನೂ ತಟ್ಟೆಯ ಬಸ್ಸಾರನ್ನೂ ಒಂದೇ ಸಲಕ್ಕೆ ನೋಡುತ್ತ, "ಎರಡು" ಅಂದರು. ನಾನು ಗೇರು ಎಳೆದೆ. ಎಂದಿನಂತೆ ಮನೆದೇವರಿಗೆ ಒಂದು ತೆಂಗಿನಕಾಯಿ ಹರಕೆ ಹೊತ್ತೆ. ಎಲ್ಲವೂ ಸರಿಯಾಗಿತ್ತು.

ಗೇರು ನೀನ್ಯಾಕಮ್ಮ ಎಳೆದೆ ಎಂದು ಕೇಳುತ್ತೀರಾ? ಯೋಚನೆ ಮಾಡಿ ನೋಡಿ. ಊಟ ಬಲಗೈಯಲ್ಲಿ. ಹಾಗಾದರೆ ಸ್ಟೇರಿಂಗ್ ಎಡಗೈಯಲ್ಲಿ. ಗೇರು ಹಾಕಲು ಮೂರನೇ ಕೈ ಬೇಕಲ್ಲ? ದೇವರು ಕೊಟ್ಟಿರಲಿಲ್ಲ, ನಮ್ಮಪ್ಪ ಧಾರೆ ಎರೆದು ಕೊಟ್ಟ!

ಅವರ ಕಸುಬು ಪಂಪ್‌ಸೆಟ್ ರಿಪೇರಿ. ಚಿತ್ರದುರ್ಗದಲ್ಲಿ ಒಂದು ಸಣ್ಣ ಅಂಗಡಿ. ಆ ಕಾಲದಲ್ಲಿ ಹಳ್ಳಿಗಳಿಗೆ ತ್ರೀ ಫೇಸ್ ಕರೆಂಟು ನೆಂಟರ ಹಾಗೆ ಹೇಳದೆ ಕೇಳದೆ ಬಂದು, ಕೂತ ಹಾಗೆ ಮಾಡಿ ಎದ್ದು ಹೋಗುತ್ತಿತ್ತು. ಅದು ಇರುವಷ್ಟರಲ್ಲಿ ಮೋಟರು ಓಡಿಸಿ ನೋಡಬೇಕು, ಊಟಕ್ಕೆ ನಿಲ್ಲಿಸಲು ಪುರುಸೊತ್ತಿಲ್ಲ ಎನ್ನುವುದು ಅವರ ವಾದ. ಒಪ್ಪೋಣ. ಆದರೆ ಕೆಲಸ ಮುಗಿಸಿ ವಾಪಸು ಬರುವಾಗ? ಹಬ್ಬಕ್ಕೆ ನೆಂಟರ ಮನೆಗೆ ಹೋಗುವಾಗ? ಆಗಲೂ ಅದೇ! ಡ್ಯಾಶ್‌ಬೋರ್ಡಿಗೆ ಒಂದು ಕಬ್ಬಿಣದ ಬಳೆ ವೆಲ್ಡ್ ಮಾಡಿಸಿ, ಊಟದ ಗಂಗಳ ಅದರಲ್ಲಿ ಕೂರುವಂತೆ ಮಾಡಿಕೊಂಡಿದ್ದರು. ಮನೆಯಲ್ಲಿ ಚಕ್ಕಲಮಕ್ಕಲ ಹಾಕಿ ಉಣ್ಣುವಾಗಲೂ ಅವರ ಬಲಗಾಲು ಚಾಪೆಯ ಮೇಲೆ ಬ್ರೇಕು ಹುಡುಕುತ್ತಿತ್ತು.

ನನಗೆ ಇದು ಗೊತ್ತಾಗಿದ್ದು ಮದುವೆಯಾಗಿ ಬಬ್ಬೂರಿನಿಂದ ಗಂಡನ ಮನೆಗೆ ಹೊರಟ ದಿನ. ಅಮ್ಮ ಹೋಳಿಗೆ ಕಟ್ಟಿಕೊಟ್ಟಿದ್ದಳು. ಹಿರಿಯೂರು ದಾಟಿದ ಮೇಲೆ ಇವರು, "ಹಸಿವಾಗೈತೆ, ಬುತ್ತಿ ಬಿಚ್ಚು" ಅಂದರು. ನೆರಳು ನೋಡಿ ನಿಲ್ಲಿಸುತ್ತಾರೆ ಎಂದು ಬಿಚ್ಚಿದೆ. ಮರಗಳು ಒಂದೊಂದಾಗಿ ಹಿಂದಕ್ಕೆ ಹೋದವು.

"ನಿಲ್ಲಿಸ್ರಿ" ಅಂದೆ.

"ಯಾಕೆ?"

"ಉಣ್ಣಕೆ."

"ಉಣ್ಣಾದು ಬಾಯಲ್ಲಿ ಕಣೇ, ಚಕ್ರದಲ್ಲಲ್ಲ. ಎದ್ರಿಗೆ ಎತ್ತಿನಗಾಡಿ ಐತೆ. ಆ ಕಡ್ಡಿ ಹಿಡ್ಕಂಡು ಹಿಂದಕ್ಕೆ ಎಳಿ, ನಾನು ಕ್ಲಚ್ ಒತ್ತೀನಿ."

ಕೈತುಂಬ ಹಸಿರು ಬಳೆ ಹಾಕಿದ್ದೆ. ಎಳೆದೆ. ಜೀಪು ಕರ್ರೆಂದು ಕೂಗಿತು. ನಾನು ಅದಕ್ಕಿಂತ ಜೋರಾಗಿ ಕೂಗಿದೆ. ದುರ್ಗದ ಬೆಟ್ಟ ಕಾಣಿಸುವ ಹೊತ್ತಿಗೆ ಹೋಳಿಗೆ ಖಾಲಿಯಾಗಿತ್ತು, ಬಳೆ ಮೂರು ಒಡೆದಿದ್ದವು, ನನಗೆ ಎರಡನೇ ಗೇರು ಬಂದಿತ್ತು! ಮನೆ ತುಂಬುವ ಸೊಸೆಯ ಕೈಯಲ್ಲಿ ಒಡೆದ ಬಳೆ ನೋಡಿ ಅತ್ತೆ ಮುಖ ಸಣ್ಣ ಮಾಡಿದರು. ಹೆದರಿಕೆ ನನ್ನೊಳಗೆ ಬಂದು ಕೂತಿದ್ದು ಅವತ್ತೇ.

ಮೊದಲ ಕೆಲವು ವರ್ಷ ನಾನು ಮನೆಯಲ್ಲೇ ಇದ್ದೆ. ಊಟದ ಹೊತ್ತಾದರೆ ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ: ಈಗ ಮುದ್ದೆ ಮುರಿದಿರುತ್ತಾರೆ, ಈಗ ಸಾರಿಗೆ ಅದ್ದಿರುತ್ತಾರೆ, ಈಗ ಎದುರಿಗೆ ಲಾರಿ ಬಂದಿರುತ್ತದೆ! ಬೀದಿಯಲ್ಲಿ ಯಾರಾದರೂ ಬಿರಬಿರನೆ ನಡೆದು ಬಂದರೆ ನಮ್ಮ ಮನೆಗೇ ಸುದ್ದಿ ತಂದರೆಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದೆ. ಬಂದವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿರುತ್ತಿದ್ದರು.

ಒಂದು ದಿನ ಕೇಳಿಯೇಬಿಟ್ಟೆ. "ನಾನಿಲ್ಲದಾಗ ಗೇರು ಯಾರು ಹಾಕ್ತಾರೆ?"

"ಸ್ಟೇರಿಂಗ್‌ನ ಮೊಣಕಾಲಲ್ಲಿ ಒತ್ತಿ ಹಿಡ್ಕಂಡು ನಾನೇ ಹಾಕ್ತೀನಿ" ಎಂದು ಹೆಮ್ಮೆಯಿಂದ ಹೇಳಿದರು.

ಆ ರಾತ್ರಿ ನಾನು ಉಣ್ಣಲಿಲ್ಲ. ಅಷ್ಟರಲ್ಲಾಗಲೇ ಅತ್ತೆ ತೀರಿಕೊಂಡಿದ್ದರು, ನಮಗೆ ಮಕ್ಕಳಿಲ್ಲ. ಬೀಗ ಹಾಕಿದರೆ ಮುಗಿಯಿತು. ಬೆಳಿಗ್ಗೆ ಬುತ್ತಿಯ ಜೊತೆ ನಾನೂ ಜೀಪು ಹತ್ತಿದೆ.

"ಎಲ್ಲಿಗೇ?"

"ಗೇರು ಹಾಕಕೆ."

ಅವರು ನಕ್ಕರು. ನಾನು ನಗಲಿಲ್ಲ. ನನ್ನ ಲೆಕ್ಕ ಸರಳವಾಗಿತ್ತು: ಪಕ್ಕದಲ್ಲಿ ನಾನಿದ್ದರೆ ಇವರು ಸಾಯುವುದಿಲ್ಲ. ಸತ್ತರೂ ಸುದ್ದಿಗೆ ಕಾಯುವ ಕೆಲಸವಿರುವುದಿಲ್ಲ!

ಒಂದು, ಎರಡು ನನ್ನ ಕಡೆ. ಮೂರು, ನಾಲ್ಕು ಅವರ ಕಡೆ. ಬೇಗ ಕಲಿತೆ. ಆದರೆ ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವಾಗ, ಡ್ಯಾಮು ದಾಟಿದ ಮೇಲೆ, ಒಂದು ತಿರುವಿನಲ್ಲಿ ರಸ್ತೆ ತುಂಬ ಕುರಿ. ಇವರ ಬಾಯಿ ತುಂಬ ಮುದ್ದೆ! "ಊಂ, ಊಂ" ಅಂದರು. ಊಂ ಎಂದರೆ ಯಾವ ಗೇರು? ಕಣ್ಣು ಮುಚ್ಚಿ ಎಳೆದೆ. ಜೀಪು ಕೆಮ್ಮಿ ನಿಂತುಹೋಯಿತು. ಕಣ್ಣು ಬಿಟ್ಟರೆ ಒಂದು ಟಗರು ಬಂಪರನ್ನು ಮೂಸುತ್ತಿತ್ತು. ಕುರಿ ಕಾಯುವ ಹಿರಿಯರು ಕಂಬಳಿ ಸರಿಮಾಡಿಕೊಂಡು ಬಂದು ಗಂಗಳದೊಳಗೆ ಇಣುಕಿದರು.

"ಏನಪ್ಪಾ, ಮನೇಲಿ ಉಣ್ಣಕೆ ಜಾಗ ಇಲ್ವಾ?"

ಇವರು ಮುದ್ದೆ ನುಂಗಿ, "ನೀವು ಕುರಿ ಹಿಂದೆ ನಡ್ಕಂತ ಉಣ್ಣಾದಿಲ್ವಾ ಯಜಮಾನ್ರೇ?" ಅಂದರು.

"ಉಂಬ್ತೀನಪ್ಪ. ನಾನು ಎಡವಿದ್ರೆ ನಾನೊಬ್ನೇ ಬೀಳ್ತೀನಿ. ನೀನು ಎಡವಿದ್ರೆ ಈ ತಾಯಿ?"

ಹೊಸದುರ್ಗದವರೆಗೆ ಇವರು ಗಂಗಳ ಮುಟ್ಟಲಿಲ್ಲ. ಅಂತೂ ಬುದ್ಧಿ ಬಂತು ಎಂದು ಕಂಡ ಕಂಡ ಗುಡಿಗೆಲ್ಲ ಕೈಮುಗಿದೆ. ಊರು ದಾಟುತ್ತಿದ್ದ ಹಾಗೆ, "ಉಪ್ಪಿನಕಾಯಿ ಐತೇನೇ?" ಅಂದರು!

ಬಾಯಿಂದ ಆಗದ್ದನ್ನು ಅಡುಗೆಯಿಂದ ಮಾಡೋಣ ಎಂದುಕೊಂಡೆ. ಚೆಲ್ಲಬಾರದೆಂದು ಸಾರನ್ನು ದಿನದಿಂದ ದಿನಕ್ಕೆ ಗಟ್ಟಿ ಮಾಡಿದೆ. "ಏನೇ ಇದು, ಸಾರಿಗೂ ಬರಗಾಲ ಬಂತಾ?" ಎಂದು ಕೇಳಿದರು. ಮುಳ್ಳಿನ ಭಯಕ್ಕೆ ಮೀನು ಬಿಟ್ಟೆ. ಆಮೇಲೆ ಒಂದು ದಿನ, ಬೇಕೆಂದೇ, ನುಗ್ಗೇಕಾಯಿ ಸಾರು ಮಾಡಿ ತಂದೆ. ಸೀಳಿ ತಿನ್ನಲು ಎರಡು ಕೈ ಬೇಕಲ್ಲ, ನಿಲ್ಲಿಸಲೇಬೇಕು!

"ಎರಡು ಕೈ ಬೇಕು ನೋಡ್ರಿ" ಅಂದೆ ಗೆಲುವಿನಿಂದ.

"ಹೌದಲ್ವಾ. ಹಂಗಾರೆ ಸ್ಟೇರಿಂಗ್ ನೀನು ಹಿಡ್ಕ" ಎಂದು ಕೈ ಬಿಟ್ಟೇಬಿಟ್ಟರು.

ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಅವರು ಒಂದೇ ತುಂಡು ತಿಂದರಂತೆ. ನನಗೆ ಅದು ಒಂದು ಜನ್ಮ. ಆಮೇಲೆ ನಮ್ಮ ಮನೆಯೊಳಕ್ಕೆ ನುಗ್ಗೇಕಾಯಿ ಬರಲಿಲ್ಲ.

ಹೆದ್ದಾರಿ ಅಗಲವಾಗುತ್ತಿದ್ದ ಕಾಲದಲ್ಲಿ ಹಿರಿಯೂರಿನ ಹತ್ತಿರ ಒಬ್ಬ ಪೊಲೀಸಿನವರು ಕೈ ಅಡ್ಡ ಹಾಕಿದರು. ಜೀಪು ಓಲಾಡುತ್ತಿತ್ತಂತೆ. ಓಲಾಡದೆ ಇರುತ್ತದೆಯೇ? ಅವತ್ತು ಚಟ್ನಿ ಖಾರವಾಗಿತ್ತು.

"ಕುಡಿದಿದೀಯೇನೋ? ಊದು."

ಇವರು ವಿನಯವಾಗಿ ಊದಿದರು. ಹುರುಳಿಕಾಳು ಸಾರು, ಮೇಲೆ ಹಸಿ ಈರುಳ್ಳಿ! ಪೊಲೀಸಿನವರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಗಂಗಳ ನೋಡಿದರು, ಗೇರಿನ ಮೇಲಿದ್ದ ನನ್ನ ಕೈ ನೋಡಿದರು.

"ಕುಡ್ದು ಓಡ್ಸಿದ್ರೆ ಕೇಸ್ ಹಾಕ್ತೀನಿ. ಉಂಡು ಓಡ್ಸಿದ್ರೆ ಏನಂತ ಬರ್ಕಳ್ಳಿ? ಅಮ್ಮಾ, ನೀವಾದ್ರೂ ಹೇಳಬಾರ್ದಾ?"

ನನಗೆ ಅಳು ಬಂತು. ಸರ್ಕಾರವೇ ನನ್ನನ್ನು ಕೇಳುತ್ತಿದೆಯಲ್ಲ!

ಇಷ್ಟು ಸಾಲದೆಂದು ಮೊಬೈಲು ಬಂತು. ಅವರು ಬಾಯಿಗೆ ತುತ್ತು ಇಟ್ಟಾಗಲೇ ಅದು ಬಡಿದುಕೊಳ್ಳುತ್ತಿತ್ತು. ಎಡಗೈಯಲ್ಲಿ ಅವರ ಕಿವಿಗೆ ಫೋನು ಹಿಡಿದು, ಬಲಗೈಯಲ್ಲಿ ಗೇರು ಹಿಡಿದು, ಕಣ್ಣಲ್ಲಿ ರಸ್ತೆ ಹಿಡಿದು ಕೂರುತ್ತಿದ್ದೆ. ಆ ಜೀಪನ್ನು ಓಡಿಸುತ್ತಿದ್ದದ್ದು ಯಾರು ಎಂದು ಈಗಲೂ ಅನುಮಾನ!

ಮೊದಲು ಹೇಳಿದ ಆ ದಿನಕ್ಕೆ ಬರುತ್ತೇನೆ. ಹೊಳಲ್ಕೆರೆ ಇನ್ನೂ ಬಂದಿರಲಿಲ್ಲ. ಲಾರಿ ಹಾದುಹೋಯಿತು, ನನ್ನ ಎದೆ ಸ್ವಲ್ಪ ತಣ್ಣಗಾಯಿತು. ರಸ್ತೆಬದಿಯಲ್ಲಿ ಸಾಲು ಹುಣಸೆಮರ, ಒಳ್ಳೆ ನೆರಳು. ನನಗೆ ರೇಗಿತು.

"ಈಗ ಯಾವ ಅವಸರ ಐತ್ರಿ? ಕರೆಂಟೂ ಇಲ್ಲ, ಫೋನೂ ಇಲ್ಲ. ಒಂದು ದಿನ ನಿಲ್ಸಿ ಉಂಡ್ರೆ ಏನಾಗ್ತೈತೆ?"

"ನಿಲ್ಸಿ ಉಂಡ್ರೆ ನಿನ್ ಭಯ ಹೋಗ್ತೈತೆ."

"ಹೋಗ್ಲಿ ಬಿಡ್ರಿ, ಒಳ್ಳೇದೇ ಅಲ್ವಾ?"

ಅವರು ಗಂಗಳವನ್ನು ಬೆರಳಿನಿಂದ ಬಳಿದು ನೆಕ್ಕಿದರು. "ಭಯ ಹೋದ್ರೆ ನೀನು ಮನೇಲೇ ಕುಂತ್ಕಂತೀಯ ಕಣೇ. ನಾನು ಒಬ್ನೇ ಉಣ್ಬೇಕಾಗ್ತೈತೆ" ಅಂದರು. ರಸ್ತೆಯನ್ನೇ ನೋಡುತ್ತಿದ್ದರು. ನಾನು ಏನಾದರೂ ಹೇಳುವ ಮೊದಲೇ, "ಮೂರು" ಅಂದರು. ಮೂರಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆ ಜೀಪಿನ ರೇಡಿಯೇಟರಿಗೆ ನೀರು ಹಾಕುತ್ತಿದ್ದವರು, ಎದೆ ಉರಿ ಎಂದು ಒಳಗೆ ಬಂದು ಮಲಗಿದರು. ಮೈಯೆಲ್ಲ ಬೆವರು. ಬುತ್ತಿ ಕಟ್ಟಿಟ್ಟಿದ್ದೆ. ಬಾಗಿಲಲ್ಲಿ ಜೀಪು ನಿಂತಿತ್ತು, ಬೀಗದ ಕೈ ಅದರಲ್ಲೇ ಇತ್ತು. ನನಗೆ ಬರುತ್ತಿದ್ದದ್ದು ಗೇರು ಹಾಕುವುದೊಂದೇ. ಬೀದಿಗೆ ಓಡಿ ಕೂಗಿದೆ. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯಲ್ಲೇ ಹೋಗಿತ್ತು ಜೀವ. ಅಷ್ಟು ವರ್ಷ ಲಾರಿಗಳನ್ನು ಕಾದಿದ್ದೆ. ಸಾವು ಲಾರಿಯಲ್ಲಿ ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಬಬ್ಬೂರಿನಿಂದ ನನ್ನ ತಮ್ಮ ಬಂದ. "ಅಕ್ಕ, ನೀನೇ ಓಡ್ಸಾದು ಕಲಿ. ಗೇರು ಬರ್ತೈತಲ್ಲ, ಅರ್ಧ ಕಲ್ತಂಗೇ" ಎಂದು ಸ್ಟೇರಿಂಗಿನ ಮುಂದೆ ಕೂರಿಸಿದ. ಕೂತು ನೋಡಿದರೆ ಗೇರು ಎಡಕ್ಕಿತ್ತು. ನನ್ನ ಎಡಗೈಗೆ ಏನೂ ಗೊತ್ತಿರಲಿಲ್ಲ. ಇಳಿದು, ಸುತ್ತಿಕೊಂಡು ಬಂದು, ನನ್ನ ಜಾಗದಲ್ಲಿ ಕೂತೆ. ತಮ್ಮ ಆ ಕಡೆ ಕೂತು ಜೀಪು ಹೊರಡಿಸಿದ. ಬೀದಿ ತಿರುವಿನಲ್ಲಿ ಅವನು ಗೇರಿಗೆ ಕೈ ಹಾಕುವ ಮೊದಲೇ ನನ್ನ ಕೈ ಅಲ್ಲಿತ್ತು.

"ಅಕ್ಕ, ಕೈ ತೆಗಿ" ಅಂದ. ತೆಗೆದೆ.

ಈಗ ಮಧ್ಯಾಹ್ನ ಬೀದಿಯಲ್ಲಿ ಯಾರು ಎಷ್ಟು ಬಿರಬಿರನೆ ನಡೆದು ಬಂದರೂ ನನಗೆ ಹೆದರಿಕೆಯಾಗುವುದಿಲ್ಲ. ಜೀಪು ಮನೆಯ ಮುಂದೆಯೇ ಇದೆ, ಗಂಗಳ ಕೂರುವ ಬಳೆಯೂ ಇದೆ. ನನ್ನ ಬಲಗೈಗೆ ನಾಲ್ಕೂ ಗೇರು ನೆನಪಿವೆ. "ಎರಡು" ಎನ್ನುವವರು ಇಲ್ಲ.