ಮಾವನ ರಿದಂ ಬಾಕ್ಸ್

ನಮ್ಮ ಸೋದರಮಾವ ಮನುಷ್ಯರ ಮಾತು ಕೇಳಿದ್ದನ್ನು ನಾನಂತೂ ನೋಡಿಲ್ಲ. ಅವರು ಕೇಳುತ್ತಿದ್ದುದು ಒಂದು ಪೆಟ್ಟಿಗೆಯ ಮಾತನ್ನು ಮಾತ್ರ.

ವಾರವೆಲ್ಲ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಕೆಲಸ, ಭಾನುವಾರ ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ. ತಂಡದಲ್ಲಿ ಡ್ರಮ್ಸ್ ಬಾರಿಸುವವನೇ ಇಲ್ಲ. ಅವನ ಜಾಗದಲ್ಲಿ ಮರದ ಹೊದಿಕೆಯ ಹಳೇ ರಿದಂ ಬಾಕ್ಸ್! ಒಂದು ಗುಂಡಿ ಒತ್ತಿದರೆ ರುಂಬಾ ತಾಳ, ಇನ್ನೊಂದಕ್ಕೆ ವಾಲ್ಟ್ಸ್ ತಾಳ. ವೇಗ ಹೆಚ್ಚು ಕಡಿಮೆ ಮಾಡಲು ಒಂದು ತಿರುಗಣೆ. ಉಳಿದವರೆಲ್ಲ ಕಂಪ್ಯೂಟರಿನಿಂದ ತಾಳ ಹಾಕಿಸುತ್ತಿದ್ದ ಕಾಲದಲ್ಲೂ ಮಾವ ಅದನ್ನು ಬಿಡಲಿಲ್ಲ.

"ಕಂಪ್ಯೂಟರ್ ತಾಳ ಬೇಯಿಸಿದ ಮೊಟ್ಟೆ ಇದ್ದಂಗೆ ಕಣೋ. ಒಳಗೆ ಜೀವ ಇರಲ್ಲ."

ಮಾವನ ಪೆಟ್ಟಿಗೆಗೆ ಜೀವ ಸ್ವಲ್ಪ ಜಾಸ್ತಿಯೇ ಇತ್ತು. ಬಿಸಿಯಾದರೆ ತಾನಾಗಿಯೇ ಓಡತೊಡಗುತ್ತಿತ್ತು. ಮಾದನಾಯಕನಹಳ್ಳಿಯ ಒಂದು ಮದುವೆಯಲ್ಲಿ ನಿಧಾನವಾದ ಪ್ರೇಮಗೀತೆ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಕುದುರೆ ಓಟವಾಯಿತು. ಪಂಕ್ತಿಯಲ್ಲಿ ಕೂತವರೂ ಗಬಗಬನೆ ಉಂಡೆದ್ದರು. ಏದುಸಿರು ಬಿಡುತ್ತಿದ್ದ ಗಾಯಕ, "ಅಣ್ಣ, ನಿಲ್ಸಿ ಅದನ್ನ" ಎಂದು ಬೇಡಿಕೊಂಡ.

"ಅದಕ್ಕೆ ಖುಷಿಯಾಗಿದೆ ಗುರು. ನೀನೇ ಸ್ವಲ್ಪ ಬೇಗ ಹಾಡು."

ಆಮೇಲೊಮ್ಮೆ ವೈಟ್‌ಫೀಲ್ಡಿನ ಸಂಗೀತದ ಹುಚ್ಚಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಪೆಟ್ಟಿಗೆ ಹುಡುಕಿಕೊಂಡು ಬಂದರು. "ಅಂಕಲ್, ಇದು ಅಪ್ಪಟ ಅನಲಾಗ್. ಈಗ ಎಲ್ರಿಗೂ ಇದೇ ಸೌಂಡ್ ಬೇಕು. ನನಗೆ ಕೊಟ್ಬಿಡಿ."

ಮಾವ ಹೆಣ್ಣು ಕೊಡುವವರ ಗತ್ತಿನಲ್ಲಿ ವಿಚಾರಣೆ ಶುರುಮಾಡಿದರು. "ದಿನಾ ಬೆಳಗ್ಗೆ ಹತ್ತು ನಿಮಿಷ ಓಡಿಸ್ತೀರಾ? ಮನೆ ಬೀಗ ಹಾಕ್ಕೊಂಡು ಊರೂರು ತಿರುಗೋ ಅಭ್ಯಾಸ ಇದೆಯಾ?" ಕೊನೆಗೆ ಕಾಫಿ ಕೊಟ್ಟು ಬರಿಗೈಯಲ್ಲಿ ಕಳಿಸಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಪೆಟ್ಟಿಗೆ ಕೊಡದಿದ್ರೆ ಬೇಡ, ನನ್ನನ್ನಾದ್ರೂ ಕಳಿಸ್ರೀ. ಕಿವಿಗೆ ನೆಮ್ಮದಿ ಸಿಗುತ್ತೆ" ಎಂದರು.

ಮರುವರ್ಷ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಿಂದ ಬಂದ ಮೇಲೂ ಎಡಗಾಲು ಮಾತು ಕೇಳಲಿಲ್ಲ. ಒಂದು, ಎರಡು ಎಂದು ಎಣಿಸುತ್ತಾ ನಡೆಸಿ ಎಂದಿದ್ದರು ಫಿಸಿಯೋಥೆರಪಿಯವರು. ಮಾವ ಮೂರನೇ ಹೆಜ್ಜೆಗೇ ಎಣಿಕೆ ತಪ್ಪುತ್ತಿದ್ದರು. ಒಂದು ದಿನ ಪೆಟ್ಟಿಗೆಯನ್ನು ನಡುಮನೆಗೆ ತಂದು, ಸ್ಪೀಕರಿಗೆ ಜೋಡಿಸಿ, ತಿರುಗಣೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರು. ಧಪ್ ಎಂದಾಗ ಅತ್ತೆ ಕಾಲೆತ್ತಬೇಕು, ಮತ್ತೆ ಧಪ್ ಎಂದಾಗ ಇಡಬೇಕು. ವಾರಕ್ಕೊಮ್ಮೆ ಕೂದಲೆಳೆಯಷ್ಟು ವೇಗ ಹೆಚ್ಚುತ್ತಿತ್ತು.

ಎರಡು ತಿಂಗಳಾದ ಮೇಲೆ ನಾನು ಹೋದಾಗ ಅತ್ತೆ ಪೆಟ್ಟಿಗೆಯ ತಾಳಕ್ಕೆ ಯಾರನ್ನೂ ಹಿಡಿಯದೆ ಅಡುಗೆಮನೆಯತ್ತ ನಡೆಯುತ್ತಿದ್ದರು. ಮಾವ ಎರಡೂ ಕೈ ಚಾಚಿಕೊಂಡು ಹಿಂದೆಯೇ ಇದ್ದರು. ಅತ್ತೆ ತಿರುಗಿ ನೋಡದೆ ಹೇಳಿದರು:

"ಇನ್ನೂ ಸ್ವಲ್ಪ ಬೇಗ ಬಾರ್ಸೋಕೆ ಹೇಳ್ರೀ ಅದಕ್ಕೆ."

ಮಾವ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ತಿರುಗಣೆಯನ್ನು ನಾನೇ ತಿರುಗಿಸಿದೆ.