ಮರಿ ಮೆಚ್ಚಿದ ಸೀರೆ

ಸೀರೆ ಉಡುವುದು ಬಹಳ ಕಷ್ಟದ ಕೆಲಸ. ಹೆಂಗಸರು ದಿನಾ ಉಡುತ್ತಾರೆ, ಆದ್ದರಿಂದ ಸುಲಭವೇ ಇರಬೇಕು ಎಂದು ತಿಳಿದಿರುವ ಗಂಡಸರಿಗೆ ನನ್ನದೊಂದು ದೊಡ್ಡ ನಮಸ್ಕಾರ. ನಾನೂ ಹಾಗೆಯೇ ತಿಳಿದಿದ್ದೆ. ನೆರಿಗೆ ಹಿಡಿದರೆ ಸೆರಗು ಜಾರುತ್ತದೆ, ಸೆರಗು ಹಿಡಿದರೆ ನೆರಿಗೆ ಕಾಲಿಗೆ ತೊಡರುತ್ತದೆ. ಇಷ್ಟೆಲ್ಲ ಅನುಭವ ನಿನಗೆ ಹೇಗಪ್ಪ ಬಂತು ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಕೆಲಸದ ಮೇಲೆ ಬಂತು.

ನಾನು ಬೀದರ ಕಡೆಯವನು. ಮಹಾರಾಷ್ಟ್ರದ ಯೇವಲಾದಿಂದ ಸ್ವಲ್ಪ ದೂರದ ಸರ್ಕಾರಿ ಜಿಂಕೆವನದಲ್ಲಿ ಗುಮಾಸ್ತನಾಗಿದ್ದೆ. ಕಾಡುಪ್ರಾಣಿಗಳಿಗೆಂದು ಹೊಸ ಕಾನೂನು ಬಂದಿದ್ದ ಕಾಲ ಅದು. ವನವೆಂದರೆ ಭಾರಿ ಏನಲ್ಲ. ಬೇಲಿ ಹಾಕಿದ ಕುರುಚಲು ಗುಡ್ಡ, ಒಂದು ಕೆರೆ, ಬೇರೆ ಕಡೆಯಿಂದ ತಂದು ಬಿಟ್ಟ ಕೆಲವು ಚುಕ್ಕೆ ಜಿಂಕೆಗಳು, ಮತ್ತು ಅವುಗಳಿಗಿಂತ ಹೆಚ್ಚು ಬೆದರುವ ನಾನು. ಅಲ್ಲಿ ಹುಟ್ಟಿದ ಮರಿ ಒಂದೂ ಬದುಕಿರಲಿಲ್ಲ. "ಈ ಸಲದ ಮರಿಯೂ ಉಳಿಯದಿದ್ದರೆ ಮೇಲಿನವರು ಜಿಂಕೆಗಳನ್ನು ವಾಪಸ್ ಒಯ್ಯುತ್ತಾರೆ, ಈ ವನ ಬಂದ್" ಎಂದು ನಮ್ಮ ರೇಂಜರ್ ಜಾಧವ್ ಸಾಹೇಬರು ದಿನಾ ಚಹಾದ ಜೊತೆ ಹೆದರಿಸುತ್ತಿದ್ದರು. ಅಂಥ ಹೊತ್ತಿನಲ್ಲೇ ಒಂದು ಜಿಂಕೆ ಮರಿ ಹಾಕಿ ತಾನು ಸತ್ತುಹೋಯಿತು.

ತಬ್ಬಲಿಯನ್ನು ನನ್ನ ಹೆಂಡತಿ ನೀಲಮ್ಮ ಎತ್ತಿಕೊಂಡು ಕ್ವಾರ್ಟರ್ಸಿಗೆ ತಂದಳು. ಸೀಸೆಗೆ ಮೇಕೆಯ ಹಾಲು ತುಂಬಿ, ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನ ಜೊತೆ ಎಂದೂ ಆಡದ ಮೆತ್ತನೆಯ ದನಿಯಲ್ಲಿ "ಕುಡೀ ನನ್ನವ್ವಾ, ಕುಡೀ" ಎಂದು ರಮಿಸಿದಳು. ಅದು ಕುಡಿಯಿತು, ಚಿಗಿತುಕೊಂಡಿತು, ಅವಳ ಹಿಂದೆಯೇ ಅಡುಗೆಮನೆಗೂ ಬರತೊಡಗಿತು. ನನ್ನ ಸಾರಿಗೆ ಉಪ್ಪು ಬೀಳುವುದು ತಪ್ಪಿಹೋಯಿತು, ಇರಲಿ.

ಅಷ್ಟರಲ್ಲಿ ಅವಳ ತಮ್ಮನ ಮದುವೆ ಬಂತು. ಇದ್ದೊಬ್ಬ ಅಕ್ಕ ಹೋಗದಿದ್ದರೆ ನಡೆಯುತ್ತದೆಯೇ? "ಮರಿ ಜ್ವಾಕಿರಿ" ಎಂದು ನನಗೆ ಹೇಳಿ, ಮರಿಗೆ ಮುತ್ತು ಕೊಟ್ಟು ಹೋದಳು. ಸಂಜೆ ಮರಿ ನನ್ನ ಕೈಯ ಸೀಸೆ ಮೂಸಿ ಮುಖ ತಿರುಗಿಸಿತು. ಜಾಧವ್ ಸಾಹೇಬರು ಟೋಪಿ ತೆಗೆದಿಟ್ಟು "ಪಿಲ್ಲೂ, ಪಿಲ್ಲೂ" ಎಂದು ಮರಾಠಿಯಲ್ಲಿ ಮುದ್ದಿಸಿ ಗೋಗರೆದರು. ಊಹೂಂ. ಮರುದಿನ ಅದು ಮಲಗಿದಲ್ಲಿಂದ ಏಳಲಿಲ್ಲ. ವನ ಬಂದಾದರೆ ಬೇರೆ ಕಡೆ ವರ್ಗ ಮಾಡುತ್ತಾರೆ, ಆದರೆ ನೀಲಮ್ಮನಿಗೆ ಏನು ಹೇಳಲಿ?

ಆಗ ನೆನಪಾದವರು ನಮ್ಮಪ್ಪ. ಅವ್ವ ತವರಿಗೆ ಹೋದಾಗಲೆಲ್ಲ ನಮ್ಮ ಎಮ್ಮೆ ಅಪ್ಪನಿಗೆ ಹಾಲು ಕೊಡುತ್ತಿರಲಿಲ್ಲ. ಅಪ್ಪ ಅವ್ವನ ಸೀರೆ ಸುತ್ತಿಕೊಂಡು ಹಿಂಡಲು ಕೂರುತ್ತಿದ್ದರು. ದೊಡ್ಡ ಮೀಸೆಯ ಮನುಷ್ಯ! ನಾವು ಮುಸಿಮುಸಿ ನಕ್ಕರೆ "ನಗಬ್ಯಾಡ್ರಲೇ, ಎಮ್ಮಿ ಹಾಲಿನ ತೊರಿ ಬಿಡಂಗಿಲ್ಲ" ಎಂದು ಗದರುತ್ತಿದ್ದರು. ನಾನು ಒಳಗೆ ಹೋಗಿ ನೀಲಮ್ಮ ಒಗೆಯದೆ ಬಿಟ್ಟು ಹೋಗಿದ್ದ ಹಳೆಯ ಇಳಕಲ್ ಸೀರೆಯನ್ನು ಪೈಜಾಮದ ಮೇಲೆಯೇ ಸುತ್ತಿಕೊಂಡೆ. ಒಲೆಯ ಹೊಗೆ, ಬೆಳ್ಳುಳ್ಳಿ ಒಗ್ಗರಣೆ, ತಲೆಗೆಣ್ಣೆ ಎಲ್ಲ ಅದರಲ್ಲಿತ್ತು. ಮರಿ ಮೂಗು ಅರಳಿಸಿತು, ನಡುಗುತ್ತ ಎದ್ದು ನಿಂತಿತು, ಬಂದು ಸೀಸೆಗೆ ಬಾಯಿ ಹಾಕಿ ಗಟಗಟ ಕುಡಿಯಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದಲೇ ಒರೆಸಿಕೊಂಡೆ.

ಆಮೇಲೆ ದಿನಾ ಅದೇ ವೇಷ. ಒಂದು ಬೆಳಗ್ಗೆ ಹೀಗೆ ಅಂಗಳದಲ್ಲಿ ಕೂತಿರುವಾಗ ಜಾಧವ್ ಸಾಹೇಬರ ಜೊತೆ ನಾಶಿಕದ ಪತ್ರಿಕೆಯವನೊಬ್ಬ ಕ್ಯಾಮೆರಾ ನೇತುಹಾಕಿಕೊಂಡು ಬಂದುಬಿಟ್ಟ. ನಾನು ತಟ್ಟನೆ ಸೆರಗನ್ನು ತಲೆಯ ಮೇಲಿಂದ ಗದ್ದದವರೆಗೆ ಎಳೆದುಕೊಂಡೆ. ಸಾಹೇಬರು ಒಂದು ಗಳಿಗೆ ಕಣ್ಣು ಬಿಟ್ಟು, "ನಮ್ಮ ಕ್ಲರ್ಕರ ಮಿಸೆಸ್. ಭಾಳ ನಾಚಿಕೆ" ಎಂದರು. ಅವನು "ತಾಯಿ, ಎರಡು ಮಾತು ಹೇಳಿ" ಎಂದ. ನಾನು ತಲೆ ಅಲ್ಲಾಡಿಸಿದೆ. "ವಾಹ್, ಎಂಥ ಸಂಸ್ಕಾರ!" ಎಂದು ಮೆಚ್ಚಿ ಫೋಟೋ ಹೊಡೆದುಕೊಂಡು ಹೋದ. ಜಿಂಕೆಮರಿಯ ತಾಯಿಯಾದ ಕನ್ನಡತಿಯ ಸುದ್ದಿ ಅಚ್ಚಾಗಿಯೇ ಹೋಯಿತು.

ಪೇಪರನ್ನು ಬಚ್ಚಿಡಬೇಕೆಂದಿದ್ದೆ. ಆದರೆ ಊರಿನಿಂದ ಬಂದ ನೀಲಮ್ಮನಿಗೆ ಯೇವಲಾ ಬಸ್‌ಸ್ಟ್ಯಾಂಡಿನ ಹೋಟೆಲಿನ ನಮ್ಮ ಉಡುಪಿಯ ಶೆಟ್ಟರು ಅದನ್ನು ಕೈಗೇ ಕೊಟ್ಟು, ಪುಕ್ಕಟೆ ಚಹಾ ಕುಡಿಸಿ ಕಳಿಸಿದ್ದರು. ಬಂದವಳೇ ಪೇಪರು ನನ್ನ ಮುಖಕ್ಕೆ ಹಿಡಿದಳು.

"ಯಾರ್ರೀ ಇಕಿ? ನಾ ಇಲ್ಲದಾಗ ನನ್ನ ಸೀರಿ ಉಟ್ಕೊಂಡು ನನ್ನ ಅಂಗಳದಾಗ ಕುಂತಾಕಿ?"

"ನಾನೇ" ಎಂದೆ.

"ಚ್ಯಾಷ್ಟಿ ಸಾಕು. ಖರೇ ಇದ್ರ ಈಗ ಉಟ್ಟು ತೋರಸ್ರಿ."

ಉಟ್ಟೆ. ಅವಳು ಮದುವೆಯಲ್ಲಿ ಆಯೇರಿಯ ಉಡುಗೊರೆಯಾಗಿ ಬಂದ ಹೊಸ ಸೀರೆಯಲ್ಲಿ ನಿಂತು "ಬಾ ನನ್ನವ್ವಾ" ಎಂದು ಕೈ ಚಾಚಿದಳು. ದನಿ ಕೇಳಿ ಮರಿ ಓಡಿಬಂತು, ಹೊಸ ಸೀರೆ ಮೂಸಿತು, ಸೀನಿತು, ತಿರುಗಿ ಬಂದು ನನ್ನ ಸೆರಗಿನೊಳಗೆ ತಲೆ ತೂರಿಸಿತು. ನೀಲಮ್ಮನ ಕಣ್ಣು ತುಂಬಿದವು. ನನಗೂ ಸಂಕಟವಾಯಿತು. ಆಮೇಲೆ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ ಶಿವನೇ, ನೆರಗಿ ಹಿಂದ ಬಂದಾವಲ್ರೀ!" ಎಂದು ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರಿ ಬೆಳೆದು ಹಿಂಡು ಸೇರಿತು. ವನ ಉಳಿಯಿತು. ದೊಡ್ಡ ಸಾಹೇಬರು ಬಂದು, ಪೇಪರಿನಲ್ಲಿ ಕಂಡ ಆ ಮಹಾತಾಯಿಗೆ ತೆಂಗಿನಕಾಯಿ, ರವಿಕೆಯ ಖಣ ಕೊಟ್ಟು ಸನ್ಮಾನ ಮಾಡಿದರು. ನೀಲಮ್ಮ ಗಂಭೀರವಾಗಿ ಸೆರಗು ಹೊದ್ದು ತೆಗೆದುಕೊಂಡಳು. ನಾನು ಕೆಳಗೆ ಕೂತು ಚಪ್ಪಾಳೆ ತಟ್ಟಿದೆ. ಚಂದದ ಕೆಂಪು ಖಣ. ಅದನ್ನು ಮಾತ್ರ ಅವಳು ಇವತ್ತಿಗೂ ಹೊಲಿಸಿಲ್ಲ. ಯಾಕೆ ಎಂದರೆ ನಗುತ್ತ ಹೇಳುತ್ತಾಳೆ: "ಅಳತಿ ಕೊಡಾಕ ನೀವಽ ಬರ್ಬೇಕಲ್ರೀ."