ಗಾಯ ಪರಿಶೀಲನಾ ಸಮಿತಿ

ಎದೆಯ ಮೇಲೆ ಗೇಣುದ್ದದ ಗಾಯದ ಗುರುತಿಲ್ಲದ ನೌಕರನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿರುವುದಿಲ್ಲ ಎಂಬುದು ಸಾರಿಗೆ ಇಲಾಖೆಯ ನಿಯಮ. ನಿಯಮಕ್ಕೂ ವಾಸ್ತವಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ವಾಸ್ತವವನ್ನು ಸರಿಪಡಿಸಿಕೊಂಡು ಬರತಕ್ಕದ್ದು.

ಡ್ರೈವರನಿಗೆ ಇದು ಗೊತ್ತಿರಲಿಲ್ಲ, ಪಾಪ. ಅವನ ಹೃದಯದ ಕವಾಟ ಗಟ್ಟಿಯಾಗಿ, ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಡಾಕ್ಟರು ತೊಡೆಸಂದಿಯ ರಕ್ತನಾಳದೊಳಗೆ ಸಪೂರ ನಳಿಕೆ ತೂರಿಸಿ ಹೊಸ ಕವಾಟ ಕೂರಿಸಿದರು. ಎದೆಗೆ ಒಂದು ಗೀರೂ ಬೀಳಲಿಲ್ಲ. ಮೂರನೇ ದಿನ ಮನೆಗೆ ನಡೆದೇ ಬಂದ. ಮತ್ತೆ ಸ್ಟೀರಿಂಗ್ ಹಿಡಿಯಬೇಕು, ಅಷ್ಟೇ ಅವನ ಆಸೆ.

ಮೂವರ ಸಮಿತಿಯ ಮುಂದೆ ಅಂಗಿ ಬಿಚ್ಚಿ ನಿಂತ.

"ಎಲ್ರೀ ಗಾಯ?" ಎಂದರು ಅಧ್ಯಕ್ಷರು.

"ಎದೇಲಿಲ್ಲ ಸಾರ್, ತೊಡೆಸಂದಿಯಿಂದ ಹಾಕಿದ್ರು."

"ಹೃದಯ ಎಲ್ಲಿರುತ್ತೆ?"

"ಎದೇಲಿ ಸಾರ್."

"ಮತ್ತೆ ತೊಡೆ ಸುದ್ದಿ ಯಾಕೆ? ಮಹಿಳಾ ಸದಸ್ಯರಿದ್ದಾರೆ, ಮರ್ಯಾದೆಯಿಂದ ಮಾತಾಡಿ."

ಅವನು ಎಕ್ಸ್-ರೇ ತೋರಿಸಿದ. ಅದರಲ್ಲಿ ಮುಖ ಕಾಣದ ಕಾರಣ ಎದೆ ಯಾರದೆಂದು ಹೇಳಲಾಗದು ಎಂದು ಮಹಿಳಾ ಸದಸ್ಯರು ಅಭಿಪ್ರಾಯಪಟ್ಟರು. ಮುಂದಿನ ಸಭೆಯೊಳಗೆ ಗಾಯ ಹಾಜರುಪಡಿಸದಿದ್ದರೆ, ಸುಳ್ಳು ಕಾಯಿಲೆ ಹೇಳಿ ರಜೆ ಹಾಕಿದವನೆಂದು ಮನೆಗೆ ಕಳಿಸುವುದಾಗಿ ತೀರ್ಮಾನವಾಯಿತು.

ಆಸ್ಪತ್ರೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅಲ್ಲಿ ಆಗಲೇ ಬೋರ್ಡು ನೇತಾಡುತ್ತಿತ್ತು: 'ಗಾಯ ವಿಭಾಗ. ಗಾಯವಿಲ್ಲದೆ ಗುಣಮುಖರಾದವರು ಇಲ್ಲಿ ಸಂಪರ್ಕಿಸುವುದು. ಆಯಾ ಇಲಾಖೆಯ ನಿಯಮದಷ್ಟು ಉದ್ದಕ್ಕೆ ಕೊಯ್ಯಲಾಗುವುದು. ಹೊಲಿಗೆಗೆ ಪ್ರತ್ಯೇಕ ಶುಲ್ಕ.' ಬಾಗಿಲಲ್ಲಿ ಒಬ್ಬ ಮೇಷ್ಟ್ರು ಕಿಡ್ನಿಯ ಗಾಯಕ್ಕಾಗಿ ಸರದಿ ಕಾಯುತ್ತಿದ್ದರು.

"ರೀ, ತಲೆಗಿಲೆ ಕೆಟ್ಟಿದೆಯಾ? ನೆಟ್ಟಗಿರೋ ಎದೇನ ಕೊಯ್ಸ್ಕೋತಾರೇನ್ರೀ?" ಎಂದು ಹೆಂಡತಿ ಕಣ್ಣೀರು ಹಾಕಿದಳು.

"ಬಸ್ ಓಡಿಸ್ದೆ ನನ್ ಕೈಲಿ ಇರೋಕಾಗಲ್ಲ ಕಣೇ," ಎಂದು ಅವನು ಒಳಗೆ ಹೋದ.

ಚರ್ಮವನ್ನು ಗೇಣುದ್ದ ಕೊಯ್ದು ಹೊಲಿದರು. ಗಾಯ ಕೀವಾಯಿತು, ಜ್ವರ ಏರಿತು. ಹೃದಯಕ್ಕಾಗಿ ಮೂರು ದಿನ ಮಲಗಿದವನು ಗುರುತಿಗಾಗಿ ಆರು ವಾರ ಮಲಗಿದ. ಒಳಗೆ ಹೊಸ ಕವಾಟ ಮಾತ್ರ ತನ್ನ ಪಾಡಿಗೆ ತಾನು ಸೊಗಸಾಗಿ ಕೆಲಸ ಮಾಡುತ್ತಿತ್ತು. ಅದನ್ನು ಕೇಳುವವರೇ ಇರಲಿಲ್ಲ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಸ್ಕೇಲು ಹಿಡಿದು ಅಳೆದರು. ಮುಖ ಅರಳಿತು.

"ಭೇಷ್! ಆಪರೇಷನ್ ಅಂದ್ರೆ ಇದಪ್ಪಾ!"

"ಹಾಗಾದ್ರೆ ನಾಳೆಯಿಂದ ಬಸ್ ಹತ್ಲಾ ಸಾರ್?"

"ಛೆ ಛೆ! ಇಷ್ಟು ದೊಡ್ಡ ಆಪರೇಷನ್ ಆದೋರ ಕೈಗೆ ಅಷ್ಟು ಜನರ ಜೀವ ಕೊಡೋಕಾಗುತ್ತೇನ್ರೀ? ಡಿಪೋ ಗೇಟಲ್ಲಿ ಕೂತ್ಕೊಳ್ಳಿ, ಆರಾಮಾಗಿ."

"ಸಾರ್, ಇದು ಬರೀ ಚರ್ಮದ ಮೇಲಿಂದು. ಒಳಗೇನೂ ಕೊಯ್ದಿಲ್ಲ ಸಾರ್!"

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಅಂದ್ರೆ, ಗಾಯ ಸುಳ್ಳಾ?"

ಡ್ರೈವರ್ ಮೂವರ ಮುಖವನ್ನೂ ನೋಡಿದ. ಅಂಗಿಯ ಗುಂಡಿ ಹಾಕಿಕೊಂಡ.

"ಇಲ್ಲ ಸಾರ್. ನಿಜಾನೇ."

ತೀರ್ಮಾನ ಸರ್ವಾನುಮತದಿಂದ ಅಂಗೀಕಾರವಾಯಿತು. ಗೇಟಿನ ಹತ್ತಿರ ಅವನಿಗೊಂದು ಸ್ಟೂಲು ಹಾಕಿಕೊಟ್ಟಿದ್ದಾರೆ. ಬಸ್ಸು ಬಂದರೆ ಅಡ್ಡಗಂಬ ಎತ್ತುತ್ತಾನೆ, ಹೋದರೆ ಇಳಿಸುತ್ತಾನೆ. ಇಲಾಖೆಗೆ ಎಷ್ಟು ಕಾಳಜಿ ಎಂದು ಎಲ್ಲರೂ ಹೊಗಳುತ್ತಾರೆ. ಕೇಳಿದರೆ ಅವನೂ ಹೌದು ಎನ್ನುತ್ತಾನೆ.